ಜಕ್ಕೂರಿನಲ್ಲಿ ಕಲಿತ ವಿದ್ಯೆ

ವಿಮಾನ ನಡೆಸಲು ಕಲಿಯಬೇಕೆಂಬ ಆಸೆ ಹೊತ್ತು ನನ್ನಲ್ಲಿಗೆ ಬರುವ ತರುಣರು ಎಷ್ಟು ಹಣ ಬೇಕು, ಎಷ್ಟು ಕಾಲ ಹಿಡಿಯುತ್ತದೆ ಎಂದು ಮೊದಲು ಕೇಳುತ್ತಾರೆ. ಆ ಪ್ರಶ್ನೆ ಅನುಚಿತವಲ್ಲ. ಹೊಲ ಮಾರಿ, ಮನೆ ಅಡವಿಟ್ಟು ಮಕ್ಕಳನ್ನು ಈ ವಿದ್ಯೆಗೆ ಕಳುಹಿಸಿದ ತಂದೆತಾಯಿಗಳನ್ನು ನಾನು ಬಲ್ಲೆ. ಆದರೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿ ಕಲಿತು, ಅನಂತರ ಬಹುಕಾಲ ಪ್ರಯಾಣಿಕರ ವಿಮಾನಗಳನ್ನು ನಡೆಸಿದ ನನಗೆ, ಅದಕ್ಕಿಂತ ಮೊದಲು ಹೇಳಬೇಕಾದ ಮಾತೊಂದಿದೆಯೆನಿಸುತ್ತದೆ. ನೆಲದ ಮೇಲೆ ಬಾಳುವುದಕ್ಕಾಗಿ ನಮ್ಮ ದೇಹವು ಹುಟ್ಟಿನಿಂದ ರೂಢಿಸಿಕೊಂಡ ಪ್ರವೃತ್ತಿಗಳನ್ನು ಆಕಾಶದಲ್ಲಿ ತಡೆದು ನಿಲ್ಲಿಸುವ ಅಭ್ಯಾಸವೇ ಈ ವಿದ್ಯೆಯ ಬಹುಭಾಗ.

ವಿಧಿನಿಯಮಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ವಾಣಿಜ್ಯ ವೈಮಾನಿಕನ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು. ಒಟ್ಟು 200 ಗಂಟೆಗಳ ಹಾರಾಟ ಲಾಗ್‌ಬುಕ್ಕಿನಲ್ಲಿ ದಾಖಲಾಗಿರಬೇಕು, ಅದರಲ್ಲಿ 100 ಗಂಟೆಗಳು ವಿಮಾನದ ಸಂಪೂರ್ಣ ಹೊಣೆಯನ್ನು ತಾನೇ ಹೊತ್ತು ಹಾರಿದವಾಗಿರಬೇಕು. 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ ದೂರವನ್ನು ಕ್ರಮಿಸಿ ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿಳಿದು ಬರುವ ಕ್ರಾಸ್‌ಕಂಟ್ರಿ ಪ್ರಯಾಣವೂ, ರಾತ್ರಿಯ ಹಾರಾಟವೂ, ಕೇವಲ ಉಪಕರಣಗಳನ್ನು ನೋಡಿ ಹಾರುವ ಅಭ್ಯಾಸವೂ ಇದರಲ್ಲಿ ಸೇರಿವೆ. ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವಾದ ಡಿಜಿಸಿಎ ನಡೆಸುವ ಮಾರ್ಗನಿರ್ಣಯ, ಹವಾಮಾನ, ವಾಯುನಿಯಮ, ತಾಂತ್ರಿಕ ವಿಷಯಗಳ ಲಿಖಿತ ಪರೀಕ್ಷೆಗಳಲ್ಲಿ ಶೇಕಡ 70 ಅಂಕ ಬಂದರೇ ತೇರ್ಗಡೆ. ಇವೆಲ್ಲಕ್ಕೂ ಮೊದಲು, ಶಾಲೆಗೆ ಒಂದು ರೂಪಾಯಿಯನ್ನಾದರೂ ಕಟ್ಟುವ ಮುನ್ನ, ವೈದ್ಯಕೀಯ ಪರೀಕ್ಷೆಯನ್ನು ಮುಗಿಸಿಕೊಳ್ಳಿರೆಂದು ನಾನು ಕೈಮುಗಿದು ಹೇಳುತ್ತೇನೆ; ಬಣ್ಣಗಳನ್ನು ಗುರುತಿಸುವುದರಲ್ಲಿ ತನಗೆ ದೋಷವಿದೆಯೆಂಬುದನ್ನು ಮನೆಯವರ ಸಾಲ ಬೆಳೆದ ಮೇಲೆ ತಿಳಿಯುವಂತಾಗಬಾರದು.

ಇನ್ನು ವಿದ್ಯೆಯ ವಿಷಯ. ನಾನು ಕಲಿತದ್ದು ಇಬ್ಬರು ಮಾತ್ರ ಕೂರಬಹುದಾದ, 110 ಅಶ್ವಶಕ್ತಿಯ ಸೆಸ್ನಾ 152 ವಿಮಾನದಲ್ಲಿ. ಸಾಕಷ್ಟು ಎತ್ತರಕ್ಕೇರಿದ ಮೇಲೆ ನಮ್ಮ ಬೋಧಕರು ಎಂಜಿನ್ನಿನ ಶಕ್ತಿಯನ್ನು ಪೂರ್ತಿ ತಗ್ಗಿಸಿ, ಎತ್ತರ ಇಳಿಯದಂತೆ ಮೂತಿಯನ್ನು ಮೆಲ್ಲಮೆಲ್ಲನೆ ಎತ್ತುತ್ತ ಹೋಗೆಂದು ಹೇಳುತ್ತಿದ್ದರು. ರೆಕ್ಕೆಯ ಮೇಲ್ಮೈಯನ್ನನುಸರಿಸಿ ಗಾಳಿಯು ನಯವಾಗಿ ಹರಿಯುತ್ತಿರುವವರೆಗೆ ಮಾತ್ರ ಅದು ವಿಮಾನವನ್ನು ಎತ್ತಿಹಿಡಿಯಬಲ್ಲದು. ಎದುರುಗಾಳಿಗೂ ರೆಕ್ಕೆಗೂ ನಡುವಣ ಕೋನವು ಸುಮಾರು 15 ಡಿಗ್ರಿಯನ್ನು ಮೀರಿತೆಂದರೆ ಪ್ರವಾಹವು ಮೇಲ್ಮೈಯಿಂದ ಬೇರ್ಪಟ್ಟು ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಆ ವಿಮಾನದ ಎಡರೆಕ್ಕೆಯ ಮುಂಬದಿಯಲ್ಲಿ ಸಣ್ಣದೊಂದು ಕಿಂಡಿಯಿದೆ. ಕೋನ ಹೆಚ್ಚಿದಂತೆ ಅಲ್ಲಿನ ಒತ್ತಡ ತಗ್ಗಿ, ಒಳಗಿನ ಗಾಳಿ ಹೊರಕ್ಕೆ ಸೆಳೆಯಲ್ಪಟ್ಟು, ವಿದ್ಯುತ್ತಿನ ಹಂಗಿಲ್ಲದ ಪೀಪಿಯೊಂದು ತಾನಾಗಿ ಊಳಿಡತೊಡಗುತ್ತದೆ. ಆ ಧ್ವನಿ ಏರುತ್ತಿರಲು, ವಿಮಾನ ನಡುಗಿ, ಮೂತಿ ತಟಕ್ಕನೆ ಕೆಳಕ್ಕೆ ಬಿದ್ದು, ಗಾಜಿನ ತುಂಬ ಹೊಲಗದ್ದೆಗಳೇ ಕಾಣಿಸುವ ಆ ಕ್ಷಣದಲ್ಲಿ ಮನುಷ್ಯನ ಕೈ ಬೇಡುವುದು ಒಂದನ್ನೇ: ನಿಯಂತ್ರಣದ ಹಿಡಿಯನ್ನು ಹಿಂದಕ್ಕೆ ಎಳೆಯುವುದನ್ನು. ಎಳೆದರೆ ಕೋನ ಇನ್ನೂ ಹೆಚ್ಚಿ ವಿಮಾನ ಇನ್ನೂ ಬೀಳುತ್ತದೆ. "ಎಳೀಬೇಡಪ್ಪಾ, ಮುಂದಕ್ಕೆ ಬಿಡು" ಎಂದು ಬೋಧಕರು ಸ್ವಲ್ಪವೂ ಸ್ವರವೇರಿಸದೆ ಹೇಳುತ್ತಿದ್ದರು. ಬೀಳುತ್ತಿರುವವನು ಬೀಳುವ ದಿಕ್ಕಿಗೇ ವಿಮಾನವನ್ನು ಒತ್ತಬೇಕೆಂಬ ಈ ಪಾಠವನ್ನು ಬುದ್ಧಿ ಒಂದು ಸಂಜೆಯ ಓದಿನಲ್ಲಿ ಒಪ್ಪಿಕೊಳ್ಳುತ್ತದೆ. ಮುಂಗೈ ಒಪ್ಪಿಕೊಳ್ಳಲು ತಿಂಗಳುಗಳು ಬೇಕು. ಹಾರಾಟದ ಗಂಟೆಗಳನ್ನು ನಿಯಮವು ಏಕೆ ಲೆಕ್ಕವಿಡುತ್ತದೆಂಬುದು ನನಗೆ ಅರ್ಥವಾದದ್ದು ಹೀಗೆ.

ಇಳಿಯುವಾಗಲೂ ಅಷ್ಟೇ. ಹತ್ತಿರವಾಗುತ್ತಿರುವ ನೆಲವನ್ನೇ ಕಣ್ಣು ದಿಟ್ಟಿಸಬಯಸುತ್ತದೆ, ನೋಟವನ್ನಾದರೋ ರನ್‌ವೇಯ ಆಚೆಯ ತುದಿಯಲ್ಲಿ ನಿಲ್ಲಿಸಬೇಕು.

ಏರುವಾಗ ಎಂಜಿನ್ ನಿಂತರೆ ಏನು ಮಾಡಬೇಕೆಂಬುದು ಇದಕ್ಕಿಂತ ಕಠಿನವಾದ ಪಾಠ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಇಲ್ಲಿಯ ಗಾಳಿ ಮೊದಲೇ ತೆಳು, ಬೇಸಗೆಯ ಮಧ್ಯಾಹ್ನ ಅದು ಕಾದು ಇನ್ನಷ್ಟು ತೆಳುವಾದಾಗ ಎಂಜಿನ್ನಿಗೂ ರೆಕ್ಕೆಗೂ ಬಲ ತಗ್ಗಿ, ಪುಟ್ಟ ವಿಮಾನವು ಬಹಳ ನಿಧಾನವಾಗಿ ಏರುತ್ತದೆ. ಆಗ ಎಂಜಿನ್ ಸ್ತಬ್ಧವಾದರೆ, ಬೆನ್ನ ಹಿಂದೆಯೇ ಇರುವ ಓಡುಪಥಕ್ಕೆ ತಿರುಗಿಬಿಡೋಣವೆಂದು ಮನಸ್ಸು ತವಕಿಸುವುದು ಸಹಜ. ಆದರೆ 45 ಡಿಗ್ರಿ ವಾಲಿ ತಿರುಗುವ ವಿಮಾನದ ಸ್ಟಾಲ್ ವೇಗ ಸುಮಾರು ಶೇಕಡ 19ರಷ್ಟು ಹೆಚ್ಚುತ್ತದೆ. ಇರುವ ಸ್ವಲ್ಪ ಎತ್ತರವೂ ತಿರುವಿನಲ್ಲೇ ಕರಗಿಹೋಗುತ್ತದೆ. ಆದುದರಿಂದ ಮೂತಿ ತಗ್ಗಿಸಿ, 60 ನಾಟ್ ವೇಗವನ್ನು ಕಾಪಾಡಿಕೊಂಡು, ಎದುರಿಗೆ ಕಾಣುವ ಬಯಲುಗಳಲ್ಲೊಂದನ್ನು ಆರಿಸಿಕೊಂಡು ಇಳಿಯಬೇಕು. ಮನೆಗೆ ಬೆನ್ನು ತಿರುಗಿಸಿ ಅಪರಿಚಿತವಾದ ಹೊಲದತ್ತ ಹೋಗುವ ಈ ನಿರ್ಧಾರವನ್ನು ಓಡುಪಥದ ಮೇಲೆ ನಿಂತಿರುವಾಗಲೇ, ಎಂಜಿನ್ ಚೆನ್ನಾಗಿ ನಡೆಯುತ್ತಿರುವಾಗಲೇ, ಗಟ್ಟಿಯಾಗಿ ಉಚ್ಚರಿಸಿ ಮಾಡಿಕೊಳ್ಳುವ ಪದ್ಧತಿಯನ್ನು ನಾನು ಎಂದಿಗೂ ಬಿಡಲಿಲ್ಲ. ಹೊಸಬರಾರೂ ಬಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇವೆಲ್ಲದರಲ್ಲಿ ಕಣ್ಣಿನ ನೆರವಾದರೂ ಇರುತ್ತದೆ. ಮೋಡದೊಳಗೆ ಅದೂ ಇಲ್ಲ. ನಮ್ಮ ಒಳಗಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವವು ತಿರುವು ಆರಂಭವಾದುದನ್ನು ತಿಳಿಸುತ್ತದೆ. ಆದರೆ ತಿರುವು ಒಂದೇ ಸಮನಾಗಿ ಮುಂದುವರಿದರೆ ದ್ರವವೂ ನಾಳದೊಡನೆಯೇ ಸಾಗತೊಡಗಿ, ವಿಮಾನ ವಾಲಿ ಸುತ್ತುತ್ತಿದ್ದರೂ ನೇರ ಹೋಗುತ್ತಿರುವಂತೆಯೇ ಭಾಸವಾಗುತ್ತದೆ. ಅದನ್ನು ನೇರಮಾಡಿದಾಗ ಮತ್ತೊಂದು ಕಡೆಗೆ ವಾಲಿದಂತೆ ತೋರುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಉಪಕರಣಗಳ ಅಭ್ಯಾಸವಿಲ್ಲದ 20 ಮಂದಿ ವೈಮಾನಿಕರನ್ನು ಇಂಥ ಸ್ಥಿತಿಯಲ್ಲಿ ಪರೀಕ್ಷಿಸಿದಾಗ, ಅವರು ಹತೋಟಿ ಕಳೆದುಕೊಳ್ಳಲು ಸರಾಸರಿ ಹಿಡಿದ ಕಾಲ 178 ಸೆಕೆಂಡು. ಅವರಲ್ಲಿ ಒಬ್ಬರೂ ಹತೋಟಿ ಉಳಿಸಿಕೊಳ್ಳಲಿಲ್ಲವೆಂಬುದನ್ನು ನಾನು ಪ್ರತಿಯೊಬ್ಬ ವಿದ್ಯಾರ್ಥಿಗೂ ಹೇಳುತ್ತೇನೆ. ಹೊರಗಿನ ನೋಟವನ್ನು ಮರೆಮಾಡುವ ಹುಡ್ ತೊಟ್ಟು, ಕೃತಕ ದಿಗಂತ ಸೂಚಕವನ್ನೂ ವೇಗಮಾಪಕವನ್ನೂ ಎತ್ತರಮಾಪಕವನ್ನೂ ಸರದಿಯಂತೆ ನೋಡುತ್ತ ಹಾರುವಾಗ, ನನ್ನ ಇಡೀ ಶರೀರ ಎಡಕ್ಕೆ ಬೀಳುತ್ತಿದ್ದೇವೆಂದು ಸಾಕ್ಷಿ ನುಡಿಯುತ್ತಿದ್ದಿತು, ಸೂಚಕ ಮಾತ್ರ ಸಮವಾಗಿದ್ದೇವೆಂದು ತೋರಿಸುತ್ತಿದ್ದಿತು. ಆ ಸೂಚಕವನ್ನು ಉಳಿದ ಉಪಕರಣಗಳೊಡನೆ ತಾಳೆನೋಡಿ, ಸರಿಯೆಂದು ಕಂಡಮೇಲೆ, ಸ್ವಂತ ದೇಹದ ಮಾತನ್ನು ತಳ್ಳಿಹಾಕಿ ಅದನ್ನೇ ನಂಬುವುದು ಅಂದು ನನಗೆ ಒಂದು ಬಗೆಯ ತಪಸ್ಸಿನಂತೆಯೇ ತೋರಿತು. ಇಂದಿಗೂ ಹಾಗೆಯೇ ತೋರುತ್ತದೆ.

ಲೈಸೆನ್ಸ್ ಕೈಗೆ ಬಂದಮೇಲೆ ಎರಡು ಎಂಜಿನ್ನಿನ ವಿಮಾನದ ಅರ್ಹತೆ, ಇನ್‌ಸ್ಟ್ರುಮೆಂಟ್ ರೇಟಿಂಗ್, ಆಮೇಲೆ ದೊಡ್ಡ ವಿಮಾನದ ಟೈಪ್ ರೇಟಿಂಗ್ ಎಂದು ಮೆಟ್ಟಿಲುಗಳು ಮುಂದುವರಿಯುತ್ತವೆ. ಅವುಗಳ ತುದಿ ತಲುಪಿದವರನ್ನೂ ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಕರೆಯುತ್ತಾರೆ. ಸಿಮ್ಯುಲೇಟರಿನ ಕತ್ತಲೆಯಲ್ಲಿ ಕೂರಿಸಿ, ನೆಲ ಬಿಡುವ ಹೊತ್ತಿಗೆ ಸರಿಯಾಗಿ ಒಂದು ಎಂಜಿನ್ ನಿಲ್ಲಿಸುತ್ತಾರೆ. ತಲೆ ನರೆತ ಕ್ಯಾಪ್ಟನ್ನನ ಕೈಯೂ ಆಗ ಮೊದಲು ತನ್ನ ಹಳೆಯ ದಾರಿಯನ್ನೇ ಹುಡುಕುತ್ತದೆಯೆಂಬುದು ಅವರಿಗೆ ಚೆನ್ನಾಗಿ ಗೊತ್ತು.