ಕೆಮ್ಮಿಗೆ ಮನೆಯಲ್ಲೇ ಆಡುಸೋಗೆ ಸಿರಪ್



ಸಿರುಗುಪ್ಪ ಕಡೆ ಭತ್ತದ ಕೊಯ್ಲು ಶುರುವಾದರೆ ಧೂಳು, ಕುರುಗೋಡು ಕಡೆ ಮೆಣಸಿನಕಾಯಿ ಘಾಟು, ಬಳ್ಳಾರಿಯಲ್ಲಿ ಲಾರಿಗಳ ಹೊಗೆ. ಅದರ ಮೇಲೆ ಚಳಿ ಬೇರೆ. ಸಂಘದ ಸಭೆಗೆ ಹೋದಾಗಲೆಲ್ಲ ನಮಗೆ ಕೇಳಿಬರುವ ಮಾತು ಒಂದೇ: “ಕೆಮ್ಮು ಬಿಡವಲ್ದು ನೋಡ್ರಿ, ಏನ್ ಮಾಡೋಣು?” ಅದಕ್ಕೇ ಈ ಸಲ ಈ ಪಾಠ.

ಮೊದಲು ಗಿಡದ ಪರಿಚಯ ಮಾಡಿಕೊಳ್ಳೋಣ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆದರೆ ಆಡುಸೋಗೆಯನ್ನು ಆಡು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಅಷ್ಟು ಕಹಿ. ಆದ್ದರಿಂದಲೇ ಇದನ್ನು ಬೇಲಿಗೆ ಹಚ್ಚುತ್ತಾರೆ. ಎಲೆ ಉದ್ದ, ತುದಿ ಚೂಪು. ಹೂವು ಬಿಳಿ, ಒಳಗೆ ನೇರಳೆ ಗೆರೆ. ಇದರಲ್ಲಿರುವ ವಾಸಿಸಿನ್ ಎಂಬ ಅಂಶದಿಂದಲೇ ಮುಂದೆ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಎಂಬ ಔಷಧಿ ಹುಟ್ಟಿತು. ಗುರುತು ಸಿಗದಿದ್ದರೆ ತಿಳಿದವರನ್ನು ಕೇಳಿ. ಊಹೆಯ ಮೇಲೆ ಯಾವ ಸೊಪ್ಪನ್ನೂ ಕುದಿಸಬೇಡಿ.

ಬೇಕಾಗುವ ಸಾಮಗ್ರಿಗಳು: ಬಲಿತ ಆಡುಸೋಗೆ ಎಲೆ 20, ಹಸಿ ಶುಂಠಿ 1 ಇಂಚು, ಕಾಳುಮೆಣಸು 6, ನೀರು 4 ಲೋಟ, ಬೆಲ್ಲ 150 ಗ್ರಾಂ, ಜೇನುತುಪ್ಪ 2 ಚಮಚ.

ಮಾಡುವ ವಿಧಾನ:
1. ಎಲೆಗಳನ್ನು ಎರಡು ಮೂರು ನೀರಿನಲ್ಲಿ ತೊಳೆದು ಹೆಚ್ಚಿಕೊಳ್ಳಿ. ಔಷಧಿ ಹೊಡೆದ ಹೊಲದ ಬದುವಿನ ಎಲೆ ಬೇಡ.
2. ಸ್ಟೀಲ್ ಪಾತ್ರೆಯಲ್ಲಿ ಎಲೆ, ಜಜ್ಜಿದ ಶುಂಠಿ, ಮೆಣಸು, ನೀರು ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. 4 ಲೋಟ 1 ಲೋಟಕ್ಕೆ ಇಳಿಯಬೇಕು.
3. ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಕರಗಿಸಿ. ಕಸ ಇದ್ದರೆ ಇನ್ನೊಮ್ಮೆ ಸೋಸಿ, ಸ್ವಲ್ಪ ಗಟ್ಟಿಯಾಗುವ ತನಕ ಕುದಿಸಿ.
4. ಉಗುರುಬೆಚ್ಚಗಾದ ಮೇಲೆ ಜೇನು ಬೆರೆಸಿ. ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ.

ದೊಡ್ಡವರು 2 ಸಣ್ಣ ಚಮಚ ಸಿರಪ್ಪನ್ನು ಬಿಸಿನೀರಿನ ಜೊತೆ ಬೆಳಿಗ್ಗೆ ಮತ್ತು ರಾತ್ರಿ ನಾಲ್ಕೈದು ದಿನ ತೆಗೆದುಕೊಳ್ಳಬಹುದು. ಫ್ರಿಜ್ ಇದ್ದರೆ ಒಂದು ವಾರ ಇಡಬಹುದು, ಇಲ್ಲದಿದ್ದರೆ ಎರಡು ಮೂರು ದಿನಕ್ಕಾಗುವಷ್ಟೇ ಮಾಡಿ. ನೊರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.

ಯಾರಿಗೆ ಬೇಡ?
ಗರ್ಭಿಣಿಯರು ಇದನ್ನು ಮುಟ್ಟಲೇಬಾರದು. ಆಡುಸೋಗೆ ಗರ್ಭಕೋಶವನ್ನು ಹಿಂಡುವ ಗುಣದ್ದು. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲ, ಜೇನು ಎರಡೂ ಸಕ್ಕರೆಯೇ. ಒಂದು ವರ್ಷದೊಳಗಿನ ಕೂಸಿಗೆ ಜೇನನ್ನು ನೆಕ್ಕಿಸಲೂ ಬಾರದು. ಅದರಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. 5 ವರ್ಷದೊಳಗಿನ ಮಕ್ಕಳಿಗೆ ಈ ಸಿರಪ್ ಕೊಡಬೇಡಿ. ಅದಕ್ಕಿಂತ ದೊಡ್ಡ ಮಕ್ಕಳಿಗೂ ವೈದ್ಯರನ್ನು ಕೇಳಿಯೇ ಕೊಡಿ.

“ಹಂಗಾದ್ರೆ ಅಂಗಡಿ ಸಿರಪ್ ಕೊಡೋಣೇನ್ರಿ?” ಅಂತ ಕೇಳಬಹುದು. ಅದೂ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿದ್ದ ಕೆಮ್ಮಿನ ಸಿರಪ್ ಕುಡಿದು, ಮೂತ್ರಪಿಂಡ ಕೆಟ್ಟು 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಕೊಡಬಾರದೆಂದು ಅದೇ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ತಿಳಿಸಿತು. ಹಾಗಂತ ಮನೆಯದ್ದೆಲ್ಲ ಒಳ್ಳೆಯದೆಂದೂ ಅಲ್ಲ. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಲ್ಡರ್‌ಬೆರಿ ಹಣ್ಣನ್ನು ಎಲೆ, ಕಡ್ಡಿ ಸಮೇತ ಹಿಂಡಿದ ಹಸಿ ರಸ ಕುಡಿದವರು ವಾಂತಿಯಿಂದ ಆಸ್ಪತ್ರೆ ಸೇರಿದ್ದರು. ಸಣ್ಣ ಮಕ್ಕಳಿಗೆ ಎದೆಹಾಲು, ಬೆಚ್ಚನೆಯ ನೀರು, ವಿಶ್ರಾಂತಿ ಸಾಕು. 6 ತಿಂಗಳೊಳಗಿನ ಕೂಸಿಗೆ ಎದೆಹಾಲು ಮಾತ್ರ.

ಯಾವಾಗ ಆಸ್ಪತ್ರೆಗೆ?
ಮಗು ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ, ಹಾಲು ಕುಡಿಯದಿದ್ದರೆ, 1ರಿಂದ 5 ವರ್ಷದ ಮಗು ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡಿದರೆ ತಡಮಾಡದೆ ಓಡಿ. ದೊಡ್ಡವರಿಗೆ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. 2024ರ ನವೆಂಬರ್‌ನಿಂದ ರೋಗಿಯ ಪೋಷಣೆಗೆ ತಿಂಗಳಿಗೆ 1000 ರೂಪಾಯಿ ನಿಗದಿಯಾಗಿದೆ. ಸಿರಪ್ ಕುಡಿಯುತ್ತಾ ಕೂತರೆ ಕೆಮ್ಮಿನ ಸದ್ದು ಅಡಗಬಹುದು, ಕ್ಷಯ ಅಡಗದು, ಮನೆಮಂದಿಗೂ ಹಬ್ಬುತ್ತದೆ.

ಸಂಘದಲ್ಲಿ ಚರ್ಚಿಸಿ: ನಮ್ಮ ಓಣಿಯಲ್ಲಿ ಎರಡು ವಾರದಿಂದ ಕೆಮ್ಮುತ್ತಿರುವವರು ಯಾರು? ಅವರ ಜೊತೆ ಆಸ್ಪತ್ರೆಗೆ ಹೋಗುವವರು ನಮ್ಮಲ್ಲಿ ಯಾರು?