ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಯಾವ ಕೈಗವಸು, ಯಾವ ಗಾಗಲ್?

ರಕ್ಷಣಾ ಸಾಧನದ ಆಯ್ಕೆಗೆ ಆಧಾರ ಆ ದಿನದ ಪ್ರಯೋಗವೇ ಹೊರತು ತರಗತಿಯಲ್ಲ. ಸಿದ್ಧ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಕೈಗವಸು ಬೇಕಿಲ್ಲ. ಈರುಳ್ಳಿ ಬೇರಿನ ತುದಿಗೆ ಅಸಿಟೋಕಾರ್ಮಿನ್ ಹಾಕಿ ಬಿಸಿ ಮಾಡುವಾಗ ಮಾತ್ರ ಎಚ್ಚರ ಬೇಕು. ಆ ಬಣ್ಣದಲ್ಲಿ ಸಾಮಾನ್ಯವಾಗಿ 45% ಅಸಿಟಿಕ್ ಆಮ್ಲವಿರುತ್ತದೆ. ಅದು ಕಣ್ಣಿಗೆ ಸಿಡಿಯದಂತೆ ಬದಿಗಳೂ ಮುಚ್ಚಿರುವ ಗಾಗಲ್ ಧರಿಸಬೇಕು. ದೃಷ್ಟಿದೋಷಕ್ಕೆ ಹಾಕುವ ಕನ್ನಡಕ ಅದಕ್ಕೆ ಬದಲಿಯಲ್ಲ. ಕನ್ನಡಕದ ಮೇಲೆಯೇ ಧರಿಸುವ ಗಾಗಲ್‌ಗಳು ಸಿಗುತ್ತವೆ.

ಹೆಚ್ಚು ಗೊಂದಲವಿರುವುದು ಕೈಗವಸಿನಲ್ಲಿ. ಫಾರ್ಮಲಿನ್‌ನಲ್ಲಿಟ್ಟ ಮಾದರಿಗಳನ್ನು ಮುಟ್ಟಲು ನೈಟ್ರೈಲ್ ಒಳ್ಳೆಯದು. ಲೇಟೆಕ್ಸ್ ಅಗ್ಗವೆನಿಸಿದರೂ ಕೆಲವರಿಗೆ ಅಲರ್ಜಿ ತರುತ್ತದೆ. ಯಾರಿಗೆಂದು ಮೊದಲೇ ತಿಳಿಯದ ಕಾರಣ ಕಾಲೇಜು ಅದನ್ನು ಕೊಳ್ಳದಿರುವುದೇ ಲೇಸು. ತೆಳು ಕೈಗವಸು ಸ್ಕಾಲ್ಪೆಲ್ ಅಲಗನ್ನು ತಡೆಯದು. ಸ್ಪಿರಿಟ್ ದೀಪದ ಬಳಿ ಅದನ್ನು ಕಳಚಿಡಬೇಕು, ಏಕೆಂದರೆ ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳಬಹುದು. ಹರಿದ ಕೈಗವಸನ್ನು ತಕ್ಷಣ ಬದಲಿಸಬೇಕು. ಅದೇ ಕೈಯಲ್ಲಿ ಮೊಬೈಲ್ ಮುಟ್ಟುವುದಾದರೆ, ಧರಿಸಿಯೂ ಪ್ರಯೋಜನವಿಲ್ಲ.

ಕೋವಿಡ್ ನಂತರ ಎಲ್ಲೆಡೆ ಉಳಿದುಕೊಂಡ ಸರ್ಜಿಕಲ್ ಮಾಸ್ಕ್ ಫಾರ್ಮಲಿನ್‌ನಿಂದ ಏಳುವ ಫಾರ್ಮಾಲ್ಡಿಹೈಡ್ ಆವಿಯನ್ನು ತಡೆಯುವುದಿಲ್ಲ. ಮಾದರಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆದು, ಗಾಳಿ ಚೆನ್ನಾಗಿ ಆಡುವ ಕಡೆ ಕೆಲಸ ಮಾಡುವುದೇ ಇದಕ್ಕೆ ಪರಿಹಾರ.

ಕೋಟು ಮೊಣಕಾಲು ಮುಟ್ಟುವ, ತುಂಬುತೋಳಿನ ಹತ್ತಿಯದಾಗಿರಲಿ. ಪಾಲಿಯೆಸ್ಟರ್ ಬೆಂಕಿಗೆ ಕರಗುತ್ತದೆ. ಚಪ್ಪಲಿಯ ಬದಲು ಪಾದ ಪೂರ್ತಿ ಮುಚ್ಚುವ ಶೂ ಬೇಕು. ಹಲವರು ಹಂಚಿಕೊಳ್ಳುವ ಗಾಗಲ್‌ಗಳನ್ನು ಪ್ರತಿ ತಂಡದ ನಂತರ ಸೋಪುನೀರಿನಲ್ಲಿ ತೊಳೆದು ಒಣಗಿಸಬೇಕು.