ಗೂಡುದೀಪ ಕಟ್ಟುವ ಕ್ರಮ

ದೀಪಾವಳಿಯೂ ನವೆಂಬರ್ 1ರ ರಾಜ್ಯೋತ್ಸವವೂ ಹತ್ತಿರ ಹತ್ತಿರವೇ ಬರುತ್ತವೆ. ಹಳದಿ ಕೆಂಪು ಕಾಗದದ ಒಂದು ಗೂಡುದೀಪ ಎರಡಕ್ಕೂ ಆದೀತು. ಅಲಂಕಾರದ ಥರ್ಮೋಕೋಲನ್ನು ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದೆ. ನಮಗೆ ಅದು ಬೇಕಾಗಿಯೂ ಇಲ್ಲ.

ಬಿದಿರುಕಡ್ಡಿ, ಪಟದ ಕಾಗದಗಳನ್ನು ಆಗಸ್ಟ್ 15ರ ಗಾಳಿಪಟದ ಕಾಲದಲ್ಲೇ ಹಳೇ ದೆಹಲಿಯ ಲಾಲ್ ಕುವಾನ್‌ನಲ್ಲಿ ಕೊಂಡಿಡುವುದು ಒಳ್ಳೆಯದು.

ಒಂದೊಂದು ಅಡಿಯ 12 ಕಡ್ಡಿಗಳನ್ನು ಎಂಟು ಮೂಲೆಗಳಲ್ಲಿ ದಾರದಿಂದ ಬಿಗಿದರೆ ಗೂಡಾಯಿತು. ನನ್ನ ಮೊದಲ ಗೂಡು ತೂಗುಹಾಕಿದೊಡನೆ ವಾಲಿ ಕಾಗದ ಹರಿಯಿತು. ಚೌಕ ವಾಲುತ್ತದೆ, ತ್ರಿಕೋಣ ವಾಲದು. ಆದ್ದರಿಂದ ಆರು ಮುಖಗಳಿಗೂ 17 ಅಂಗುಲದ ಒಂದೊಂದು ಓರೆಕಡ್ಡಿ ಕಟ್ಟಿರಿ.

ಎರಡು ಚಮಚ ಮೈದಾವನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಕಾಯಿಸಿದರೆ ಅಂಟು. ಮಕ್ಕಳು ಮುಟ್ಟುವುದರಿಂದ ಮೈಲುತುತ್ತ ಬೆರೆಸಬೇಡಿರಿ. ನಾಲ್ಕು ಬದಿಗೆ ಕಾಗದ ಅಂಟಿಸಿ, ಬಿಸಿ ಹೊರಹೋಗಲು ಮೇಲೂ ಕೆಳಗೂ ತೆರೆದಿಡಿರಿ. ಹಣತೆ ಬೇಡ, ಮೇಲಿನ ಓರೆಕಡ್ಡಿಯಿಂದ ಸಣ್ಣ ಎಲ್‌ಇಡಿ ಬಲ್ಬು ತೂಗಲಿ.

ನಾವು ಊರಿನ ಜಗಲಿಯಲ್ಲಿ ನೋಡಿ ಕಲಿತೆವು. ಇಲ್ಲಿ ಹುಟ್ಟಿದ ಮಕ್ಕಳಿಗೆ ತೋರಿಸುವವರು ನಾವೇ. ಜೊತೆಗೆ ಕೂತು ಕಟ್ಟಿದರೆ ಮೂಲೆ, ಗಂಟು, ಅಂಟು ಎಂಬ ಮಾತುಗಳೂ ಅವರಿಗೆ ಬರುತ್ತವೆ. ಮಾಡಿದ್ದೊಂದನ್ನು ವಾಚನಾಲಯಕ್ಕೆ ತನ್ನಿರಿ, ಬಾಗಿಲಲ್ಲಿ ತೂಗುಹಾಕೋಣ.